ಕೆರೆ ನೀರಿನ ಡಿಎನ್‌ಎ ಪರೀಕ್ಷೆ: ‘ಮ್ಯಾಚ್’ ಆಯಿತು ಎಂದರೆ ರೋಗಾಣು ಇದೆ ಎಂದೇ?

ಶ್ರೀನಿವಾಸಪುರದ ಕಡೆ ಕೆ.ಸಿ. ವ್ಯಾಲಿ ಮಾತು ಬಂದರೆ ಎರಡು ಪ್ರಶ್ನೆ ಏಳುತ್ತವೆ: ಬೋರ್‌ವೆಲ್‌ನಲ್ಲಿ ನೀರು ಬಂತಾ? ಆ ನೀರಿನಲ್ಲಿ ಏನಿದೆ? ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಕೆಲಸ 2018ರಲ್ಲಿ ಶುರುವಾಯಿತು. ಉದ್ದೇಶ ಅಂತರ್ಜಲ ಹೆಚ್ಚಿಸುವುದು, ನೇರವಾಗಿ ಕುಡಿಸುವುದಲ್ಲ. ಅದೇ ವರ್ಷ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆಯೂ ಇದೆ. ಆತಂಕಕ್ಕೆ ಕಾರಣವಿದೆ. ಆದರೆ ‘ಡಿಎನ್‌ಎ ಪರೀಕ್ಷೆಯಲ್ಲಿ ಭಯಂಕರ ರೋಗಾಣು ಪತ್ತೆ’ ಎಂಬಂಥ ಸಂದೇಶ ಬಂದರೆ ಅದನ್ನು ಹೇಗೆ ಓದಬೇಕು?

ಪರೀಕ್ಷೆ ಹೇಗೆ ನಡೆಯುತ್ತದೆ?

ನೀರಿನಲ್ಲಿರುವ ಎಲ್ಲ ಸೂಕ್ಷ್ಮಜೀವಿಗಳ ಡಿಎನ್‌ಎಯನ್ನು ಒಟ್ಟಿಗೆ ತೆಗೆದು ಓದುವುದೇ ಮೆಟಾಜೀನೋಮ್ ವಿಶ್ಲೇಷಣೆ. ಸಿಗುವುದು ಚೂರುಚೂರು ತುಣುಕು. ಪ್ರತಿ ತುಣುಕು ಯಾವ ಪ್ರೋಟೀನ್ ಮಾಡಬಲ್ಲದು ಎಂದು ಕಂಪ್ಯೂಟರ್ ಲೆಕ್ಕಹಾಕಿ, ಈಗಾಗಲೇ ಗೊತ್ತಿರುವ ಪ್ರೋಟೀನ್‌ಗಳ ಪಟ್ಟಿಯ ಜೊತೆ ಹೋಲಿಸುತ್ತದೆ. ಡಿಎನ್‌ಎ ಬರಹ ಸ್ವಲ್ಪ ಬೇರೆಯಾದರೂ ಪ್ರೋಟೀನ್ ಒಂದೇ ಇರಬಹುದು. ಹಾಗಾಗಿ ದೂರದ ಸಂಬಂಧವೂ ಇಲ್ಲಿ ಕಾಣುತ್ತದೆ.

ಆ ಪಟ್ಟಿ ಯಾರದು?

ಎಲ್ಲರದೂ. 1965ರಲ್ಲಿ ಅಮೆರಿಕದ ಮಾರ್ಗರೆಟ್ ಡೇಹಾಫ್ 65 ಪ್ರೋಟೀನ್‌ಗಳ ಪಟ್ಟಿಯನ್ನು ಪುಸ್ತಕವಾಗಿ ತಂದರು. ಇಂದು ಯೂನಿಪ್ರಾಟ್ ಎಂಬ ಉಚಿತ ಭಂಡಾರದಲ್ಲಿ ಕೋಟಿಗಟ್ಟಲೆ ಇವೆ. ಅವುಗಳಲ್ಲಿ ತಜ್ಞರು ಕೂತು ಪರಿಶೀಲಿಸಿದ್ದು ಆರು ಲಕ್ಷಕ್ಕೂ ಕಡಿಮೆ. ಉಳಿದವಕ್ಕೆ ಹೆಸರು ಕೊಟ್ಟಿದ್ದು ಕಂಪ್ಯೂಟರ್. ಒಂದು ಕಡೆ ತಪ್ಪು ಹೆಸರು ಬಿದ್ದರೆ, ಅದನ್ನು ನಂಬಿ ಇನ್ನಷ್ಟು ಕಡೆ ಅದೇ ತಪ್ಪು ಹರಡುತ್ತದೆ. ಥೇಟ್ ಫಾರ್ವರ್ಡ್‌ನ ಹಾಗೆಯೇ!

ಎಲ್ಲಿ ಎಡವುತ್ತೇವೆ?

2015ರಲ್ಲಿ ನ್ಯೂಯಾರ್ಕ್ ಮೆಟ್ರೋ ನಿಲ್ದಾಣಗಳ ಡಿಎನ್‌ಎ ಅಧ್ಯಯನ ಪ್ಲೇಗ್, ಆಂಥ್ರಾಕ್ಸ್ ತುಣುಕು ಸಿಕ್ಕಿವೆ ಎಂದಿತು. ದೊಡ್ಡ ಸುದ್ದಿಯಾಯಿತು. ಅದೇ ವರ್ಷ ಸಂಶೋಧಕರು ತಿದ್ದುಪಡಿ ಪ್ರಕಟಿಸಿ, ಅವು ಅಲ್ಲಿದ್ದವು ಎನ್ನಲು ಗಟ್ಟಿ ಪುರಾವೆ ಇಲ್ಲ ಎಂದರು. ಈ ರೋಗಾಣುಗಳಿಗೆ ನಿರುಪದ್ರವಿ ನೆಂಟರಿದ್ದಾರೆ, ತುಣುಕುಗಳು ಒಂದೇ ಥರ ಇರುತ್ತವೆ.

ಹಾಗೆಂದು ಎಲ್ಲವೂ ಸುಳ್ಳಲ್ಲ. 2011ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನದಲ್ಲಿ ಔಷಧಕ್ಕೆ ಬಗ್ಗದ ಎನ್‌ಡಿಎಂ-1 ಜೀನ್ 50 ನಲ್ಲಿ ನೀರಿನ ಮಾದರಿಗಳಲ್ಲಿ 2ರಲ್ಲಿ ಸಿಕ್ಕಿತ್ತು. ಅಲ್ಲಿ ಬರೀ ಜೀನ್ ನೋಡಲಿಲ್ಲ, ಬ್ಯಾಕ್ಟೀರಿಯಾವನ್ನು ಬೆಳೆಸಿಯೂ ಖಚಿತಪಡಿಸಿದ್ದರು.

ಶೇರ್ ಮಾಡುವ ಮುನ್ನ

- ಸಿಕ್ಕಿದ್ದು ತುಣುಕೋ, ಜೀವಂತ ಬ್ಯಾಕ್ಟೀರಿಯಾವೋ? ಸತ್ತ ಜೀವಿಯ ಡಿಎನ್‌ಎ ಕೂಡ ಪರೀಕ್ಷೆಯಲ್ಲಿ ಕಾಣುತ್ತದೆ.
- ಯಾವ ಕೆರೆ, ಯಾವ ದಿನ, ಎಷ್ಟು ಮಾದರಿ?
- ಬೇರೆ ವಿಧಾನದಿಂದ ಖಚಿತಪಡಿಸಿದ್ದಾರೆಯೇ?

‘ಏನೂ ಸಿಗಲಿಲ್ಲ, ನೀರು ಸುರಕ್ಷಿತ’ ಎಂಬ ಸಂದೇಶಕ್ಕೂ ಇದೇ ಮಾತು. ಪಟ್ಟಿಯಲ್ಲಿ ಇಲ್ಲದ್ದನ್ನು ಈ ಪರೀಕ್ಷೆ ಗುರುತಿಸಲಾರದು. ಸೀಸದಂಥ ಲೋಹ, ಫ್ಲೋರೈಡ್ ಇದರಲ್ಲಿ ಕಾಣುವುದೇ ಇಲ್ಲ.

ಮ್ಯಾಚ್ ಎಂಬುದು ಸುಳಿವು, ತೀರ್ಪಲ್ಲ. ನಿಮ್ಮ ಬೋರ್‌ವೆಲ್ ನೀರು ಕುಡಿಯಬಹುದೇ ಎಂದು ತಿಳಿಯಲು ಅದೇ ನೀರನ್ನು ರಾಸಾಯನಿಕ ಹಾಗೂ ಬ್ಯಾಕ್ಟೀರಿಯಾ ಪರೀಕ್ಷೆಗೆ ಕೊಡಿ. ಆ ವರದಿ ಯಾವ ಫಾರ್ವರ್ಡ್‌ಗಿಂತಲೂ ಹೆಚ್ಚು ಹೇಳುತ್ತದೆ.