ಆಪರೇಟರ್ ಎರರ್ ಅಂತೆ!

ಲ್ಯಾಬಿಗೆ ರೋಬಾಟ್ ಬಂದ ಮೇಲೆ ಒಂದು ನಿಯಮ ತಾನಾಗೇ ಜಾರಿಗೆ ಬರುತ್ತೆ. ಕೆಲಸ ಸರಿಯಾದರೆ ಹೊಗಳಿಕೆ ರೋಬಾಟಿಗೆ, ಕೆಟ್ಟರೆ ಬೈಗುಳ ಪಕ್ಕದಲ್ಲಿ ನಿಂತವನಿಗೆ. ಏನು ಕೆಟ್ಟಿತು, ಯಾಕೆ ಕೆಟ್ಟಿತು ಅಂತ ಯಾರೂ ಕೇಳಲ್ಲ. ರಿಪೋರ್ಟಿನಲ್ಲಿ ಎರಡೇ ಪದ: ‘ಆಪರೇಟರ್ ಎರರ್’. ಈ ಎರಡು ಪದಗಳ ಮೇಲೆ ನನಗಿರೋ ಸಿಟ್ಟನ್ನ ಇವತ್ತು ಇಲ್ಲಿ ಕಕ್ಕಿಬಿಡ್ತೀನಿ. ವಿಷಯ ಸ್ವಲ್ಪ ಒಣ, ಪೂರ್ತಿ ಪ್ಲಾಸ್ಟಿಕ್ಕು. ಕವಿತೆ, ಚಾರಣದ ಕಥೆ ಓದೋಣ ಅಂತ ಬಂದ ಬ್ಲಾಗಿಗ ಮಿತ್ರರು ಕ್ಷಮಿಸಬೇಕು :-)

ಟಿಪ್ ಅಂದ್ರೆ ಏನು ಅಂತ ಮೊದಲು ಹೇಳಿಬಿಡ್ತೀನಿ. ರಕ್ತವೋ, ಗಂಟಲಿನ ದ್ರವವೋ, ಸ್ಯಾಂಪಲ್ಲಿನಿಂದ ಒಂದೆರಡು ಹನಿ ಎತ್ತಿ ಬೇರೆ ಕಡೆ ಹಾಕಬೇಕು. ಎತ್ತುವ ಉಪಕರಣ ಪಿಪೆಟ್. ಅದರ ತುದಿಗೆ ಸಿಕ್ಕಿಸಿ, ಒಮ್ಮೆ ಬಳಸಿ, ಬಿಸಾಕುವ ಪ್ಲಾಸ್ಟಿಕ್ ಮೂತಿಯೇ ಟಿಪ್. ಒಬ್ಬರ ಸ್ಯಾಂಪಲ್ ಮುಟ್ಟಿದ ಟಿಪ್ ಇನ್ನೊಬ್ಬರದ್ದನ್ನ ಮುಟ್ಟಕೂಡದು. ಮುಟ್ಟಿದರೆ ಇಲ್ಲದ ರೋಗ ಇದೆ ಅಂತ ರಿಪೋರ್ಟ್ ಬಂದೀತು. ಈ ಟಿಪ್‌ಗಳು ರ‍್ಯಾಕಿನಲ್ಲಿ ಕೂತು ಬರ್ತವೆ. ಅಡ್ಡಕ್ಕೆ 12, ಉದ್ದಕ್ಕೆ 8, ಒಟ್ಟು 96. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 9 ಮಿಲಿಮೀಟರ್.

ಈಗ ಲೆಕ್ಕ ನೋಡಿ. 96 ಸ್ಯಾಂಪಲ್ಲುಗಳಿಂದ ಆರ್‌ಎನ್‌ಎ ತೆಗೆಯಬೇಕು. ರಾಸಾಯನಿಕ ಹಾಕು, ತೊಳಿ, ಮತ್ತೆ ತೊಳಿ, ಕೊನೆಗೆ ಬೇರೆ ಮಾಡು ಅಂತ ಆರು ಹಂತ ಅಂದುಕೊಳ್ಳಿ. ಪ್ರತಿ ಹಂತಕ್ಕೂ ಹೊಸ ಟಿಪ್ ಅಂದರೆ 576 ಟಿಪ್, ಆರು ರ‍್ಯಾಕ್. ರೋಬಾಟಿನ ಮೇಜಿನ ಮೇಲೆ ಅಷ್ಟು ಜಾಗ ಎಲ್ಲಿದೆ? ಸ್ಯಾಂಪಲ್ಲು, ರಾಸಾಯನಿಕ, ಅಯಸ್ಕಾಂತ, ಬಿಸಿ ಮಾಡೋ ಪೆಟ್ಟಿಗೆ ಎಲ್ಲಾ ಅಲ್ಲೇ ಕೂರಬೇಕು. ಅದಕ್ಕೆ ಕಂಪನಿಗಳು ಕಂಡುಕೊಂಡ ಉಪಾಯ, ರ‍್ಯಾಕುಗಳನ್ನ ಒಂದರೊಳಗೊಂದು ಇಳಿಸಿ ಪೇರಿಸೋದು. ಹೋಟೆಲಿನಲ್ಲಿ ಪೇಪರ್ ಲೋಟ ಪೇರಿಸಿಟ್ಟಿರ್ತಾರಲ್ಲ, ಹಾಗೆ. ಮೇಲಿನ ಟಿಪ್‌ನ ಮೂತಿ ಕೆಳಗಿನ ಟಿಪ್‌ನ ಬಾಯೊಳಗೆ. ಹ್ಯಾಮಿಲ್ಟನ್, ಟೆಕಾನ್ ಥರದ ದೊಡ್ಡ ಕಂಪನಿಗಳೆಲ್ಲ ಇಂಥ ಸ್ಟ್ಯಾಕ್ ಮಾರುತ್ತವೆ. ಜಾಗ ಉಳಿಯುತ್ತೆ, ಪ್ಲಾಸ್ಟಿಕ್ ಡಬ್ಬದ ಕಸವೂ ಕಮ್ಮಿ. ಉಪಾಯ ಒಳ್ಳೇದೇ, ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರೋದು ಇದರ ಮುಂದಿನ ಕೆಲಸದಲ್ಲಿ. ಮೇಲಿನ ಅಂತಸ್ತಿನ 96 ಮುಗಿದ ಮೇಲೆ ರೋಬಾಟಿನ ಗ್ರಿಪ್ಪರ್ ಬಂದು ಖಾಲಿ ಟ್ರೇಯನ್ನ ಎತ್ತಿ ಕಸಕ್ಕೆ ಹಾಕುತ್ತೆ. ಆಮೇಲೆ ಪಿಪೆಟ್ ಕೆಳಗಿನ ಅಂತಸ್ತಿನ ಎತ್ತರಕ್ಕೆ ಇಳಿಯುತ್ತೆ. ಈಗ ಯಾವ ಅಂತಸ್ತು, ಎಷ್ಟು ಎತ್ತರ ಅಂತ ಅದಕ್ಕೆ ಹೇಗೆ ಗೊತ್ತು? ಕಣ್ಣಿಂದ ನೋಡಿ ಅಲ್ಲ ಸ್ವಾಮಿ, ಸಾಫ್ಟ್‌ವೇರಿನೊಳಗಿರೋ ಒಂದು ಎಣಿಕೆಯಿಂದ! ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನು ಮೆಟ್ಟಿಲು ಎಣಿಸ್ಕೊಂಡು ಇಳಿದ ಹಾಗೆ. ಎಣಿಕೆಗೂ ಮೆಟ್ಟಿಲಿಗೂ ತಾಳೆ ತಪ್ಪಿದ ದಿನ ಬೀಳೋದೇ. ಓಪನ್‌ಟ್ರಾನ್ಸ್ ರೋಬಾಟಿನ ಪ್ರೋಗ್ರಾಮ್ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ಓದಬಹುದು. ಅಲ್ಲೂ ಅಷ್ಟೇ, ನಾವು ಬೇರೆ ಹೇಳದಿದ್ದರೆ ಪ್ರತಿ ರನ್ ಶುರುವಾದಾಗ ರ‍್ಯಾಕ್ ತುಂಬಿದೆ ಅಂತಲೇ ನಂಬಿಕೊಂಡು ಹೊರಡುತ್ತೆ. ಅರ್ಧ ಖಾಲಿ ಇದ್ದರೆ ಮೊದಲ ಟಿಪ್ ಯಾವುದು ಅಂತ ನಾವೇ ಹೇಳಬೇಕು.

ತಾಳೆ ತಪ್ಪೋಕೆ ಕಾರಣಗಳು ಬೇಕಾದಷ್ಟಿವೆ. ಸಾಗಾಣಿಕೆಯಲ್ಲಿ ಕುಲುಕಿ ಕುಲುಕಿ ಮೇಲಿನ ಟಿಪ್ ಕೆಳಗಿನದ್ದರೊಳಗೆ ಬಿಗಿಯಾಗಿ ಕಚ್ಚಿಕೊಳ್ಳಬಹುದು. ಪಾಲಿಪ್ರೊಪಿಲೀನ್ ವಿದ್ಯುತ್ ಹರಿಯಗೊಡದ ಪ್ಲಾಸ್ಟಿಕ್. ಏಸಿ ರೂಮಿನ ಒಣ ಹವೆಯಲ್ಲಿ ಬಾಚಣಿಗೆಗೆ ಕೂದಲು ಅಂಟೋ ಥರ ಒಂದಕ್ಕೊಂದು ಅಂಟಿಕೊಳ್ಳಬಹುದು. (ಕಾರ್ಬನ್ ಬೆರೆಸಿದ ಕರಿ ಟಿಪ್‌ಗಳಲ್ಲಿ ಈ ಕಾಟ ಕಮ್ಮಿ.) ಟ್ರೇ ಸ್ವಲ್ಪ ಸೊಟ್ಟಗಿರಬಹುದು. ಒಟ್ಟಿಗೆ 96 ಟಿಪ್ ಎತ್ತುವ ತಲೆ ಜೋರಾಗಿ ಒತ್ತಿದಾಗ ಆ ಭಾರ ಕೆಳಗಿನ ಅಂತಸ್ತುಗಳಿಗೂ ಇಳಿಯಬಹುದು. ಇದರಲ್ಲಿ ಆಪರೇಟರ್ ಮಾಡಿದ್ದು ಯಾವುದು, ಹೇಳಿ ನೋಡೋಣ?

ನಾನು ಕೆಲಸ ಮಾಡ್ತಿದ್ದ ಒಂದು ಲ್ಯಾಬಿನಲ್ಲಿ ನಡೆದದ್ದು ಇದು. ಲ್ಯಾಬಿನ ಹೆಸರು ಬೇಡ, ಯಂತ್ರದ ಹೆಸರೂ ಬೇಡ. ರಾತ್ರಿ ಪಾಳಿಯ ಹುಡುಗ ಹೊಸ ಸ್ಟ್ಯಾಕ್ ಇಟ್ಟು, ಎಣಿಕೆ ರೀಸೆಟ್ ಮಾಡಿ, ರನ್ ಶುರು ಮಾಡಿದ್ದ. ನಡುರಾತ್ರಿ ಯಂತ್ರ ನಿಂತಿದೆ. ಟಿಪ್ ಸಿಗಲಿಲ್ಲ ಅಂತ ದೂರು. ಅಷ್ಟರಲ್ಲಿ ಸ್ಯಾಂಪಲ್ಲುಗಳು ಅರ್ಧ ದಾರಿಯಲ್ಲಿ ಕೆಟ್ಟು ಕೂತಿದ್ದವು. ಉಳಿದ ರಕ್ತ ಇದ್ದವರದ್ದು ಮತ್ತೆ ಮಾಡಿದ್ದಾಯ್ತು, ಇಲ್ಲದವರಿಗೆ ಫೋನ್ ಮಾಡಿ ಮತ್ತೆ ಸೂಜಿ ಚುಚ್ಚಿದ್ದಾಯ್ತು. ಬೆಳಗ್ಗೆ ಮೀಟಿಂಗಿನಲ್ಲಿ ಹುಡುಗ ಹೇಳಿದ, “ಸಾರ್, ನಾನು ಸರಿಯಾಗೇ ಇಟ್ಟಿದ್ದೆ.” ಬಂದ ಉತ್ತರ, “ಇಟ್ಟಿದ್ದು ನೀನೇ ತಾನೇ?” ಮುಗೀತು ವಿಚಾರಣೆ.

ನಾನು ಹೋಗಿ ಕಸದ ಡಬ್ಬ ನೋಡಿದೆ. ಎರಡು ಟ್ರೇಗಳು ಕಚ್ಚಿಕೊಂಡೇ ಬಿದ್ದಿದ್ದವು. ಮೇಲಿನದು ಖಾಲಿ, ಕೆಳಗಿನದರಲ್ಲಿ ಮುಟ್ಟದ ಟಿಪ್‌ಗಳು ತುಂಬಿಕೊಂಡೇ ಇದ್ದವು. ಗ್ರಿಪ್ಪರ್ ಒಂದು ಎತ್ತೋ ಬದಲು ಎರಡು ಎತ್ತಿತ್ತು. ಏನೋ ಹಿಡಿದಿದ್ದೀನಿ ಅನ್ನೋದು ಅದಕ್ಕೆ ಗೊತ್ತಾಗುತ್ತೆ, ಒಂದೋ ಎರಡೋ ಅನ್ನೋದು ಗೊತ್ತಾಗಲ್ಲ. ಆ ಎರಡು ಟ್ರೇಗಳನ್ನ ತಂದು ಮೇಜಿನ ಮೇಲೆ ಇಟ್ಟೆ. “ಹಾಗಾದ್ರೆ ಇಡೋ ಮುಂಚೆ ಅವನು ಬಿಡಿಸಿ ನೋಡಬೇಕಿತ್ತು” ಅಂದರು! ಕೈಯಲ್ಲಿ ಬಿಡಿಸಿ, ನೋಡಿ, ಮತ್ತೆ ಪೇರಿಸೋದಾದರೆ ಈ ಸ್ಟ್ಯಾಕ್ ಯಾಕೆ ಬೇಕಿತ್ತು? ಬಟನ್ ಒತ್ತಿ ನಿಶ್ಚಿಂತೆಯಾಗಿರಿ ಅಂತ ಹೇಳಿ ಮಾರಿದ ಯಂತ್ರವಲ್ಲವೇ ಅದು? ರಿಪೋರ್ಟ್ ಬದಲಾಗಲಿಲ್ಲ. ಆ ವರ್ಷ ಹುಡುಗನ ಇನ್‌ಕ್ರಿಮೆಂಟ್ ಹೋಯ್ತು.

ಇದಕ್ಕೆ ಸಾಮಾನ್ಯವಾಗಿ ಸಿಗೋ ಸಮಾಧಾನಗಳು ಎರಡು. ಒಂದು, ‘ಬಾರ್‌ಕೋಡ್ ಹಾಕಿ’. ಬಾರ್‌ಕೋಡ್ ಹೇಳೋದು ಇದು ಯಾವ ಟಿಪ್, ಯಾವ ಬ್ಯಾಚು ಅಂತ ಅಷ್ಟೇ. ಕೆಳಗಿನ ಟ್ರೇ ಅಂಟಿಕೊಂಡಿದೆ ಅಂತ ಹೇಳಲ್ಲ. ಇನ್ನೊಂದು, ‘ಯಂತ್ರದ ಕಂಪನಿಯ ಟಿಪ್ಪನ್ನೇ ಕೊಳ್ಳಿ’. ಇಲ್ಲೇ ಇರೋದು ನೋಡಿ ಮಜಾ.

ಟಿಪ್ ಪಕ್ಕದಲ್ಲಿ ಕೂರುವ 96 ಗುಳಿಯ ತಟ್ಟೆಯ ಕಥೆ ತಗೊಳ್ಳಿ. ಹಂಗೇರಿಯ ಟಕಾಟ್ಸಿ ಅನ್ನೋ ವೈದ್ಯ ಇಂಥ ತಟ್ಟೆಯ ಮೊದಲ ರೂಪ ಮಾಡಿದ್ದು 1951ರಲ್ಲಿ. ಆಮೇಲೆ ಒಬ್ಬೊಬ್ಬರು ಒಂದೊಂದು ಅಳತೆಯಲ್ಲಿ ಮಾಡಿದರು. ಕೊನೆಗೆ 2004ರಲ್ಲಿ ಅಮೆರಿಕದಲ್ಲಿ ಮಾನದಂಡ ಬಂತು. ತಟ್ಟೆಯ ತಳ 127.76 ಮಿಲಿಮೀಟರ್ ಉದ್ದ, 85.48 ಅಗಲ. ಎತ್ತರ, ಅಂಚು, ಗುಳಿಗಳ ಜಾಗ ಎಲ್ಲಕ್ಕೂ ಬರೆದಿಟ್ಟ ನಿಯಮ. ಇವತ್ತು ಯಾರ ತಟ್ಟೆಯಾದರೂ ಯಾರ ಯಂತ್ರದಲ್ಲಾದರೂ ಕೂರುತ್ತೆ. ಆದರೆ ಆ ನಿಯಮಗಳು ತಟ್ಟೆಯ ಬಗ್ಗೆ, ಟಿಪ್ ಬಗ್ಗೆ ಅಲ್ಲ. ಟಿಪ್‌ನ ಬಾಯಿ ಎಷ್ಟು ಅಗಲ, ಸ್ಟ್ಯಾಕಿನಲ್ಲಿ ಒಂದು ಅಂತಸ್ತಿಗೂ ಇನ್ನೊಂದಕ್ಕೂ ಎಷ್ಟು ಅಂತರ, ಟ್ರೇ ಬಿಡಿಸೋಕೆ ಎಷ್ಟು ಬಲ ಸಾಕು, ಇವೆಲ್ಲ ಆಯಾ ಕಂಪನಿಯ ಮರ್ಜಿ. ಒಂದರದ್ದು ಇನ್ನೊಂದಕ್ಕೆ ಆಗಲ್ಲ.

ಅದರ ಬೆಲೆ ಏನು ಅಂತ 2020 ಮತ್ತು 2021ರಲ್ಲಿ ಜಗತ್ತೇ ನೋಡಿತು. ಕೋವಿಡ್ ಟೆಸ್ಟುಗಳಿಂದ ಟಿಪ್‌ಗೆ ಎಲ್ಲಿಲ್ಲದ ಬೇಡಿಕೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನ ಹಿಮಗಾಳಿಗೆ ಅಲ್ಲಿನ ಪ್ಲಾಸ್ಟಿಕ್ ಕಚ್ಚಾವಸ್ತು ಕಾರ್ಖಾನೆಗಳು ನಿಂತವು. ಒಂದೇ ಕಂಪನಿಯ ಟಿಪ್‌ಗೆ ಕಟ್ಟುಬಿದ್ದ ಲ್ಯಾಬುಗಳು ಯಂತ್ರ ಇದ್ದೂ ಕಾಯಬೇಕಾಯ್ತು.

ನಾನು ಯಂತ್ರದ ವಿರೋಧಿ ಅಲ್ಲ. ದಿನವಿಡೀ ಕೈಯಲ್ಲಿ ಪಿಪೆಟ್ ಒತ್ತಿ ಹೆಬ್ಬೆರಳು ನೋಯಿಸ್ಕೊಂಡವರಿಗೆ ರೋಬಾಟಿನ ಬೆಲೆ ಗೊತ್ತು. ನಾನು ಕೇಳ್ತಿರೋದು ಇಷ್ಟೇ. ಟ್ರೇ ಎತ್ತಿದ ಮೇಲೆ ಪಿಪೆಟ್ಟಿನ ಒಂದು ಚಾನೆಲ್ ಇಳಿದು, ಕೆಳಗಿನ ಅಂತಸ್ತು ಇರಬೇಕಾದ ಎತ್ತರದಲ್ಲೇ ಇದೆಯಾ ಅಂತ ಮುಟ್ಟಿ ನೋಡಲಿ. ಒಂದಷ್ಟು ಸೆಕೆಂಡಿನ ಕೆಲಸ, ರಾತ್ರಿಯಿಡೀ ನಡೆಯೋ ರನ್ನಿಗೆ ಅದು ಯಾವ ಲೆಕ್ಕ? ಯಂತ್ರ ಕೊಳ್ಳೋ ಮುಂಚೆ ಮಾರುವವರು ನಮ್ಮ ರೂಮಿನಲ್ಲಿ, ನಮ್ಮ ಏಸಿಯಲ್ಲಿ, ಸೀಲ್ ಒಡೆದ ಸ್ಟ್ಯಾಕುಗಳನ್ನ ಕೊನೇ ಟ್ರೇ ತನಕ ಎತ್ತಿ ತೋರಿಸಲಿ. ಅರ್ಧ ಬಳಸಿದ ಸ್ಟ್ಯಾಕನ್ನ ಮುಂದಿನ ಪಾಳಿಗೆ ಬಿಡಕೂಡದು ಅಂತ ಲ್ಯಾಬೇ ನಿಯಮ ಮಾಡಲಿ, ಅದಕ್ಕಾಗೋ ಟಿಪ್ ಖರ್ಚನ್ನೂ ಲ್ಯಾಬೇ ಹೊರಲಿ. ತಟ್ಟೆಗೆ ಮಾನದಂಡ ಬರೋಕೆ 53 ವರ್ಷ ಹಿಡೀತು, ಟಿಪ್ ಸ್ಟ್ಯಾಕಿಗೂ ಅಷ್ಟೇ ಕಾಯಿಸೋದು ಬೇಡ.

ಕೊನೇದು, ಸಹಿ ಹಾಕುವ ದೊಡ್ಡವರಿಗೆ. ‘ಆಪರೇಟರ್ ಎರರ್’ ಅಂತ ಬರೆಯೋ ಮುಂಚೆ ಒಂದ್ಸಲ ಎದ್ದು ಹೋಗಿ ಕಸದ ಡಬ್ಬ ನೋಡಿ. ನೋಡದೆ ಬರೆದರೆ ನಾಳೆ ರಾತ್ರಿ ಅದೇ ಸ್ಟ್ಯಾಕ್ ಮತ್ತೆ ಕಚ್ಚಿಕೊಳ್ಳುತ್ತೆ, ಮತ್ಯಾರದೋ ಕೈಗೆ ಮತ್ತೆ ಸೂಜಿ ಚುಚ್ಚಬೇಕಾಗುತ್ತೆ.

ನಿಮ್ಮ ಕೆಲಸದ ಜಾಗದಲ್ಲೂ ಇಂಥ ‘ಎರರ್’ಗಳು ಇದ್ದೇ ಇರ್ತವೆ. ಬ್ಯಾಂಕು, ಕಾರ್ಖಾನೆ, ಸಾಫ್ಟ್‌ವೇರು, ಎಲ್ಲೇ ಇರಲಿ, ಬರೀರಿ. ಏನಂತೀರಿ?