ಕುರಿಯವರ ಕಲ್ಲಿನ ಸುತ್ತು ಕೀಳಬ್ಯಾಡ್ರಿ



ಹೋದ ವಾರ ಗಾಯರಾಣದ ದಿಣ್ಣಿಗೆ ಜೆಸಿಬಿ ಹಚ್ಚಿ ಮರಮು ತೆಗೆಯೋ ಮಾತು ಬಂತು. ಆ ದಿಣ್ಣಿ ಮ್ಯಾಲ ದುಂಡಗ ಜೋಡಿಸಿದ ಕಲ್ಲು ಅವ. "ಕುರಿಯವರು ಇಟ್ಟ ಕಲ್ಲು, ಅದಕ್ಕೇನು ಕಿಮ್ಮತ್ತು?" ಅಂದ್ರು ಒಬ್ರು. ನಾನೂ ಸುಮ್ಮನೆ ಕುಂತೆ. ಮನಿಗೆ ಬಂದ ಮ್ಯಾಲ ತಪ್ಪು ಮಾಡಿದೆ ಅನಿಸ್ತು, ಅದಕ್ಕೇ ಬರೀತಿದ್ದೀನಿ.

ಜೋಳದ ರಾಶಿ ಮುಗಿದ ಮ್ಯಾಲ ಕುರಿಯವರು ಬರೋದು ನಿಮಗೆಲ್ಲ ಗೊತ್ತದ. ನಾವೇ ಕರೆದು ಹೊಲದಾಗ ಕುರಿ ತರುಬಿಸ್ತೀವಿ, ಹಿಕ್ಕಿ ಗೊಬ್ಬರ ಬೀಳ್ತದ, ಕಾಳೋ ರೊಕ್ಕವೋ ಕೊಡ್ತೀವಿ. ಅವರು ದಿಣ್ಣಿ ಮ್ಯಾಲ ಸಣ್ಣ ಗುಡಿಸಲು ಹಾಕಿ, ಬುಡಕ್ಕ ಸುತ್ತ ಕಲ್ಲು ಇಡ್ತಾರ. ಮಳಿಗಾಲಕ್ಕ ಮುಂಚೆ ಗಳ, ತಾಡಪತ್ರಿ ಎಲ್ಲಾ ಹೇರಿಕೊಂಡು ಹೋಗ್ತಾರ. ಉಳಿಯೋದು ಕಲ್ಲಿನ ಸುತ್ತು, ಒಲಿ ಬೂದಿ, ಅಷ್ಟೇ.

ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆ ಗುಡ್ಡದಾಗ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಅಗೆಸಿದಾಗ ಸಿಕ್ಕಿದ್ದೂ ದುಂಡು ಗುಡಿಸಲುಗಳ ಗುರುತೇ. ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನವು. ಗೋಡೆ ಇಲ್ಲ, ಚಾವಣಿ ಇಲ್ಲ. ನೆಲ ಮತ್ತು ಕಲ್ಲು ನೋಡಿ ಮನಿ ಅಂತ ಗುರುತಿಸಿದರು.

ಬೂದಿದಿಬ್ಬಗಳ ಕಥೆನೂ ಕೇಳ್ರಿ. ಹಂಪಿ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಅಂತ ಜನ ಹೇಳ್ತಾರ. ಆದರ ಇಂಥ ದಿಬ್ಬಗಳು ಸಗಣಿ ಸುಟ್ಟು ಆದವು. ಮಹಬೂಬನಗರ ಕಡೆಯ ಉಟ್ನೂರಿನಲ್ಲಿ 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಅಗೆದಾಗ ದನದ ದೊಡ್ಡಿಯ ಬೇಲಿ ಗೂಟದ ಕುಣಿ ಮತ್ತು ದನದ ಗೊರಸಿನ ಗುರುತು ಸಿಕ್ಕವು. ನಮ್ಮ ಯಾದಗಿರಿ ಜಿಲ್ಲೆಯ ಬೂದಿಹಾಳದಾಗ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ಅಗೆಸಿ, ದೊಡ್ಡಿಯ ಜೊತಿಗೆ ಜನ ವಾಸಿಸಿದ ಜಾಗನೂ ತೋರಿಸಿದರು. ಅಂದರ ದನದ ಹಿಂದೆ ತಿರುಗೋರು ಬರೀ ಅಲೆಮಾರಿಗಳಲ್ಲ, ಊರು ಕಟ್ಟಿದವರೂ ಅವರೇ.

ಎಷ್ಟೋ ಬೂದಿದಿಬ್ಬಗಳು ಈಗ ಇಲ್ಲ. ಹಾಳು ಮಾಡಿದ್ದು ಹೊರಗಿನ ಶತ್ರುಗಳಲ್ಲ. ಗೊಬ್ಬರಕ್ಕಂತ ನಮ್ಮಂಥ ರೈತರೇ ಗಾಡಿ ಹೇರಿ ಒಯ್ದು ಹೊಲಕ್ಕ ಹಾಕಿದರು. ಅವರನ್ನ ಬೈಯೋ ಹಕ್ಕು ನನಗಿಲ್ಲ. ನಮ್ಮಪ್ಪ ಬಿಟ್ಟಿದ್ದ ಒಂದು ಕಲ್ಲಿನ ಸುತ್ತು ನಾನೇ ಕಿತ್ತು ಬಾವಿ ದಂಡಿಗೆ ಹಾಕೀನಿ. ಅದು ನಿನ್ನೆಯದೋ ಸಾವಿರ ವರ್ಷದ್ದೋ, ಈಗ ಯಾರೂ ಹೇಳಲಾರರು.

ನಮ್ಮ ದಿಣ್ಣಿ ಮ್ಯಾಲಿನ ಕಲ್ಲು ಹಳೇವು ಅಂತ ನಾ ಹೇಳಂಗಿಲ್ಲ. ಹೆಚ್ಚಾಗಿ ಕುರಿಯವರವೇ ಇರಬಹುದು. ಆದರ ಕಿತ್ತ ಮ್ಯಾಲ ಕೇಳಿದರ ಉಪಯೋಗ ಇಲ್ಲ. ರಸ್ತೆಗೆ ಮರಮು ಬೇಕು, ನಾನೂ ಒಪ್ತೀನಿ. ಅದಕ್ಕ ಖಾಲಿ ಬದಿ ಅದ. ಕುರಿ ತೊಗರಿಗೆ ಬಾಯಿ ಹಾಕ್ತಾವ ಅನ್ನೋದೂ ಖರೇ. ದಂಡ ತಗೊಳ್ರಿ, ಅವರ ಜಾಗ ಮಾತ್ರ ಅಳಸಬ್ಯಾಡ್ರಿ. ಇಳಿಯಾಕ ಜಾಗ ಇಲ್ಲದಿದ್ದರ ಮುಂದಿನ ವರ್ಷ ಅವರು ಬರಂಗಿಲ್ಲ, ಹಿಕ್ಕಿ ಗೊಬ್ಬರವೂ ಇಲ್ಲ, ಮತ್ತೆ ಅಂಗಡಿ ಚೀಲವೇ ಗತಿ.

ನನ್ನ ಮಾತು ಇಷ್ಟೇ: ದುಂಡು ಕಲ್ಲು, ಬೂದಿ ಮಣ್ಣು, ಹಳೇ ಮಡಿಕಿ ಚೂರು ಕಂಡರ ಜೆಸಿಬಿ ನಿಲ್ಲಿಸ್ರಿ. ಒಂದು ಫೋಟೋ ತೆಗೀರಿ, ತಹಶೀಲ್ದಾರ ಕಚೇರಿಗೆ ತಿಳಸ್ರಿ. ನೋಡಿದ ಮ್ಯಾಲ ಏನೂ ಇಲ್ಲಂದ್ರ ಆಗ ತೆಗಿಯೋಣ. ನಾಳೆ ಮುಂಜಾನೆ ನಾನು ದಿಣ್ಣಿಗೆ ಹೋಗ್ತೀನಿ, ಬರೋರು ಬರ್ರಿ.