ನೆರೆಕರೆಯ ಕೆಲಸ, ನೆರೆಕರೆಯ ಭಾಷೆ

ಚರಂಡಿ ಕಟ್ಟಿಕೊಂಡರೆ ಅದರ ನಾತ ಭಾಷೆ ಕೇಳಿ ಮನೆಯೊಳಗೆ ಬರುವುದಿಲ್ಲ. ಆದರೆ ಆ ಚರಂಡಿಯ ಕುರಿತು ಸಭೆ ಕೂಡಿದಾಗ ಭಾಷೆ ಅಡ್ಡ ಬರುತ್ತದೆ. ಪೇಟೆ-ಪಟ್ಟಣಗಳ ಸುಧಾರಣೆಯಲ್ಲಿ ಜನರ ಸಹಭಾಗಿತ್ವ ಬೇಕೆಂದು ಎಲ್ಲ ಸರಕಾರಗಳೂ ಹೇಳುತ್ತಿರುವಾಗ ಈ ತೊಡಕನ್ನು ಕಡೆಗಣಿಸುವುದು ಸರಿಯಲ್ಲ.

ದೂರದ ಕೌತಾಳಂ ಈ ವಿಷಯದಲ್ಲಿ ನಮಗೆ ಹತ್ತಿರದ ಊರು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅಲ್ಲಿ ತೆಲುಗು, ಇಲ್ಲಿ ಮಲಯಾಳ. ಕನ್ನಡ ಕುಟುಂಬಗಳ ಪಾಡು ಮಾತ್ರ ಒಂದೇ. ಕೌತಾಳಂ ಸಮೀಪದ ಉರುಕುಂದ ಈರಣ್ಣಸ್ವಾಮಿಯ ಶ್ರಾವಣದ ಉತ್ಸವಕ್ಕೆ ಕರ್ನಾಟಕದಿಂದಲೂ ಭಕ್ತರು ಸಹಸ್ರ ಸಂಖ್ಯೆಯಲ್ಲಿ ಬರುತ್ತಾರೆ. ಅಂತಹ ಜನಸಂದಣಿಯಲ್ಲಿ ನೀರು, ನೈರ್ಮಲ್ಯಗಳ ಹೊರೆ ಅಧಿಕಾರಿಗಳಿಂದ ಮಾತ್ರ ನೀಗುವಂಥದಲ್ಲ. ಸ್ಥಳೀಯರು ಕೈಜೋಡಿಸಲೇಬೇಕು.

ಕೈಜೋಡಿಸಿದಲ್ಲಿ ಫಲ ಸಿಕ್ಕಿದ ನಿದರ್ಶನಗಳಿವೆ. ಅಂದಿನ ಆಂಧ್ರಪ್ರದೇಶದ ರಾಜಧಾನಿ ಹೈದರಾಬಾದಿನಲ್ಲಿ 1967ರಲ್ಲಿ ನಗರ ಸಮುದಾಯಾಭಿವೃದ್ಧಿ ಯೋಜನೆ ಆರಂಭವಾಯಿತು. ಕಾರ್ಯಕರ್ತರು ಕೊಳಚೆ ಪ್ರದೇಶಗಳಿಗೆ ಹೋಗಿ, ಏನು ಬೇಕೆಂದು ಅಲ್ಲಿನವರನ್ನೇ ಕೇಳಿದರು. ಮುಂದೆ ಬಡವರು ತಮ್ಮ ಮನೆಗಳನ್ನು ತಾವೇ ನಿಂತು ಕಟ್ಟಿಕೊಳ್ಳುವ ಮಟ್ಟಕ್ಕೆ ಅದು ಬೆಳೆಯಿತು. ನಮ್ಮ ರಾಜ್ಯದಲ್ಲಿ ಆಲಪ್ಪುಳದ ಬಡ ಮಹಿಳೆಯರ ಸಂಘಟನೆಯ ಅನುಭವದ ಮೇಲೆ 1998ರಲ್ಲಿ ಕುಟುಂಬಶ್ರೀ ಹುಟ್ಟಿತು. ನೆರೆಕರೆಯ ಹತ್ತಿಪ್ಪತ್ತು ಮಹಿಳೆಯರ ಕೂಟ, ಅದರ ಮೇಲೆ ವಾರ್ಡಿನ ಸಂಘ, ಅದರ ಮೇಲೆ ಪಂಚಾಯತು ಅಥವಾ ನಗರಸಭೆಯ ಮಟ್ಟದ ಸಂಘ ಎಂಬುದು ಇದರ ಕಟ್ಟೋಣ. ಮನೆಯಂಗಳದ ಮಾತು ಮೇಲಿನವರೆಗೆ ತಲಪಬೇಕೆಂಬುದೇ ಇದರ ಹುರುಳು.

ಆದರೆ ಮಾತು ಅರ್ಥವಾಗದ ಕಡೆ ಅದು ತಲಪುವುದು ಹೇಗೆ? ನೋಟೀಸು ಓದಲು ಬಾರದ ಗೃಹಿಣಿ ಸಭೆಗೆ ಬಂದರೂ ಮೂಲೆಯಲ್ಲಿ ಕುಳಿತು, ತೋರಿಸಿದಲ್ಲಿ ರುಜು ಹಾಕಿ ಹಿಂತಿರುಗುತ್ತಾಳೆ. ಲೆಕ್ಕಪತ್ರ ತಿಳಿಯದವಳು ಪ್ರಶ್ನಿಸಲಾರಳು. ಪ್ರಶ್ನಿಸಲಾಗದವಳಿಂದ ವಂತಿಗೆಯನ್ನೂ ಶ್ರಮದಾನವನ್ನೂ ಪಡೆದು ಅದನ್ನು ಸಹಭಾಗಿತ್ವವೆನ್ನುವುದು ನ್ಯಾಯವಲ್ಲ.

ಕುಂದುಕೊರತೆಗಳ ಮನವಿಯನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಕೌತಾಳದವರಿಗೂ ನಮಗೂ ಅದು ಸಮಾನ. ಬೀದಿದೀಪ ಉರಿಯದಿದ್ದರೆ ಕನ್ನಡದಲ್ಲೇ ಬರೆಯೋಣ. ಕನ್ನಡಿಗರಿರುವ ವಾರ್ಡುಗಳಲ್ಲಿ ಸಭೆಯ ನೋಟೀಸು, ನಿರ್ಣಯ, ಲೆಕ್ಕ ಈ ಮೂರೂ ಎರಡು ಭಾಷೆಗಳಲ್ಲಿರಲಿ. ಎರಡೂ ಬಲ್ಲ ಒಬ್ಬರು ಪ್ರತಿ ಕೂಟದಲ್ಲಿ ಕಾರ್ಯದರ್ಶಿಯ ಬಳಿ ಕುಳಿತರೆ ಇದಕ್ಕೆ ದೊಡ್ಡ ಖರ್ಚೇನೂ ತಗಲದು.

ನಮ್ಮವರಿಗೂ ಒಂದು ಮಾತು. ಭಾಷೆಯ ನೆಪದಿಂದ ಸಭೆಗೆ ಹೋಗದೆ, ಕೆಲಸವಾಗಲಿಲ್ಲವೆಂದು ಜಗಲಿಯಲ್ಲಿ ಕುಳಿತು ದೂರುವುದು ತರವಲ್ಲ. ಮೊದಲು ಹೋಗೋಣ, ಅಲ್ಲಿ ಕನ್ನಡದಲ್ಲಿ ಮಾತನಾಡೋಣ. ನೆರೆಮನೆಯವರು ಮಲಯಾಳದಲ್ಲಿ ಹೇಳಿದ್ದನ್ನೂ ಕೇಳೋಣ. ಚರಂಡಿ ಇಬ್ಬರದೂ ಹೌದು.